ಮರಳಿ ಬನ್ನಿ ಎಂಬ ನಾಯಿ

ಸೆಪ್ಟೆಂಬರ್ 7, ಶನಿವಾರ

ಇಂದು ನಾಯಿಯನ್ನು ಶಾಲೆಗೆ ಸೇರಿಸಿದೆ. ಇಷ್ಟು ವರ್ಷ ಮೇಷ್ಟ್ರ ಹೆಂಡತಿಯಾಗಿ ಬಾಳಿದವಳು ನಾನು, ಯಾವ ಮೇಷ್ಟ್ರೂ ನನ್ನನ್ನು ಇಂದಿನಷ್ಟು ನಗಿಸಿರಲಿಲ್ಲ. ಗ್ವೆಂಜಿ ಎಂಬವರು ಪೊಲೀಸ್ ನಾಯಿದಳದಲ್ಲಿದ್ದು ನಿವೃತ್ತರಾದವರು. ಶನಿವಾರ ಬೆಳಿಗ್ಗೆ ನಮ್ಮ ಚಿಕಾಂಗಾದ ಪ್ರೈಮರಿ ಶಾಲೆಯ ಮೈದಾನದಲ್ಲಿ ತರಗತಿ ನಡೆಸುತ್ತಾರೆ. ಮುಂದೆ ಹೊಟ್ಟೆ, ಹೊಟ್ಟೆಯ ಮೇಲೆ ಸೀಟಿ.

"ಅಪ್ಪಣೆ ಎಲ್ಲಾ ಇಂಗ್ಲಿಷಲ್ಲೇ ಕೊಡ್ಬೇಕು," ಅಂದರು. "ಸಿಟ್, ಸ್ಟೇ, ಕಮ್. ನಮ್ಮ ಶೋನಾ ಭಾಷೇಲಿ ಹೇಳಿ ನೋಡಿ, ನಾಯಿ ಎದುರು ವಾದ ಮಾಡುತ್ತೆ."

ಒಬ್ಬೊಬ್ಬರೂ ತಮ್ಮ ನಾಯಿಯ ಹೆಸರು ಹೇಳಬೇಕಿತ್ತು. ರೆಕ್ಸ್, ಬಾಬಿ, ಇನ್ನೊಂದು ರೆಕ್ಸ್. ನನ್ನ ಸರದಿ ಬಂದಾಗ "ಜೊಕೈ" ಅಂದೆ. ಮೈದಾನವೆಲ್ಲ ನಕ್ಕಿತು. ಜೊಕಾ ಎಂದರೆ ಮರಳಿ ಬಾ. ಜೊಕೈ ಎಂದರೆ ಮರಳಿ ಬನ್ನಿ.

"ನಾಯಿಗೂ ಬಹುವಚನವೇ, ಮಾಯಿ?" ಅಂದರು ಗ್ವೆಂಜಿ. ಮಾಯಿ ಎಂದರೆ ಅಮ್ಮ.

"ಮರ್ಯಾದೆ ನಾಯಿಗಲ್ಲ, ನನ್ನ ಗಂಡನ ಅಕ್ಕನಿಗೆ. ಕೆಳಗಿನ ಬೀದಿಯಲ್ಲೇ ಇದಾರೆ. ಕೂಗಿದ್ರೆ ಕೇಳಿಸುತ್ತೆ."

ಅವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಮುಖಕ್ಕೆ ಹೇಳಲಾಗದ್ದನ್ನು ನಾಯಿಗೆ ಹೆಸರಾಗಿಟ್ಟು ಬೇಲಿಯ ಮೇಲಿಂದ ಕೂಗುವುದು ನಮ್ಮ ಜನಕ್ಕೆ ಹೊಸದಲ್ಲ. ಪಕ್ಕದಲ್ಲಿದ್ದ ಹೆಂಗಸು, "ನಮ್ಮಮ್ಮನ ನಾಯಿ ಹೆಸರು ಹೊಟ್ಟೆ ಉರ್ಕೊಳ್ಳಿ ಅಂತ ಇತ್ತು," ಎಂದಳು. ಗ್ವೆಂಜಿ ಮಾತ್ರ ತಲೆ ಕೆರೆದುಕೊಂಡರು. "ಕೂತ್ಕೋ ಅನ್ನೋಕೆ ಮೊದಲು ಹೆಸರು ಹಿಡೀಬೇಕು. ನಿಮ್ಮದು ಹೆಸರು ಹಿಡಿದ್ರೇ ಕರೆದ ಹಾಗೆ. ನಾಯಿ ಏನು ಮಾಡ್ಬೇಕು ಹೇಳಿ. ಹೆಸರು ಬದಲಾಯಿಸಿ." ನಾನೇಕೆ ಬದಲಾಯಿಸಲಿ? ವತೇತೆ, ಅದೇ ಗಂಡನ ಅಕ್ಕ, ಗೆದ್ದೆ ಅಂದುಕೊಳ್ಳುತ್ತಾಳೆ.

ನಾಯಿಗೆ ಸದ್ಯ ಗಂಡಸರೆಂದರೆ ಭಯ, ಟೋಪಿ ಎಂದರೆ ಭಯ, ಕೊಡೆ ಎಂದರೆ ಭಯ. ಹೆದರಿದಾಗ ಬಾಯಿ ಹಾಕುತ್ತದೆ. ಆಗಸ್ಟಿನಲ್ಲಿ ಅಳಿಯನ ಪ್ಯಾಂಟು ಹರಿದುಹಾಕಿತು. ಮಗಳು ಸೆಕೈ ಚೊಚ್ಚಲ ಬಸುರಿ, ಹೆರಿಗೆಗೆ ನವೆಂಬರಿನಲ್ಲಿ ನನ್ನ ಮನೆಗೆ ಬರಬೇಕು. ಬೀಗಿತಿ ಹೇಳಿಕಳಿಸಿದ್ದಾರೆ, "ಕಚ್ಚೋ ನಾಯಿ ಇರೋ ಮನೆಗೆ ನಮ್ಮ ಸೊಸೆ ಬರಲ್ಲ." ಅಷ್ಟರಲ್ಲಿ ಇದು ಸಾಧುವಾಗಬೇಕು. ನಾಯಿಬಾಲ ನೆಟ್ಟಗಾಗದು ಎನ್ನುತ್ತಾರೆ. ಬಾಲ ಡೊಂಕಾದರೂ ಇರಲಿ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

ಬಹುಮಾನಕ್ಕೆಂದು ದನದ ಹೃದಯ ಬೇಯಿಸಿ ಚೂರು ಮಾಡಿ ತರಲು ಹೇಳಿದ್ದರು. ಈ ಮನೆಯ ಒಲೆಯ ಮೇಲೆ ಹೃದಯ ಬೆಂದದ್ದು ಇದೇ ಮೊದಲು. ತೀರಿಕೊಂಡ ನಮ್ಮ ಮೇಷ್ಟ್ರದು ಮೊಯೊ ಕುಲ. ಮೊಯೊ ಎಂದರೇ ಹೃದಯ, ಅವರು ಅದನ್ನು ತಿನ್ನುವಂತಿಲ್ಲ, ವಾಸನೆ ಬಂದರೂ ಎದ್ದು ಹೋಗುತ್ತಿದ್ದರು. ನನ್ನ ಕುಲಕ್ಕೆ ಆ ಕಟ್ಟಿಲ್ಲ. ನಾಯಿಗೊಂದು ಚೂರು, ನನಗೊಂದು ಚೂರು ಎಂದು ತಿಂದೆವು. ಎಷ್ಟು ರುಚಿ!

ಸೆಪ್ಟೆಂಬರ್ 9

ಸಂಜೆ ಗೇಟಿನ ಬಳಿ ನಿಂತು ಗಂಟಲು ಬಿಚ್ಚಿ ಕರೆದೆ. "ಜೊಕೈ! ಜೊಕೈ!" ಕೆಳಬೀದಿಯಲ್ಲಿ ವತೇತೆಯ ಕಿಟಕಿ ದಡ್ಡನೆ ಮುಚ್ಚಿಕೊಂಡಿತು. ಹೊಟ್ಟೆ ತಣ್ಣಗಾಯಿತು.

ಜಗಳ ಶುರುವಾದದ್ದು ಮೇಷ್ಟ್ರ ಮಣ್ಣಿನ ದಿನವೇ. ಎಲ್ಲರೆದುರು, "ಇವಳು ಅತ್ತಿದ್ದು ಸಾಲದು," ಎಂದುಬಿಟ್ಟಳು. ನಾನು ಮಂಡಿಯೂರಿ ಕರೆಯುವವರೆಗೆ ಈ ಮನೆ ಮೆಟ್ಟಿಲು ತುಳಿಯುವುದಿಲ್ಲ ಎಂದು ಹೋದವಳು ಹೋದಳು. ಮೊನ್ನೆ ಆಗಸ್ಟಿಗೆ ವರ್ಷ ತುಂಬಿತು. ತೀರಿಕೊಂಡವರ ಜೀವವನ್ನು ಸಮಾಧಿಯಿಂದ ಮನೆಗೆ ಕರೆತರುವ ಕಾರ್ಯ ಆಗಬೇಕಿತ್ತು, ಅಕ್ಕನಿಲ್ಲದೆ ಅದು ಆಗುವುದಿಲ್ಲ. ಅಲ್ಲಿಯವರೆಗೆ ಜೀವ ಹೊರಗೆ ಅಲೆಯುತ್ತದಂತೆ. ಅಲೆಯಲಿ. ಮೇಷ್ಟ್ರು ಇದ್ದಷ್ಟು ದಿನ ನಾನು ಗೇಟು ದಾಟಬೇಕಾದರೂ ಅವರ ಮುಖ ನೋಡಬೇಕಿತ್ತು. ಸಂತೆಗೆ ಹೋಗಲೇ ಎಂದು ಕೇಳಿದರೆ ಹೂಂ ಎನ್ನುತ್ತಿರಲಿಲ್ಲ, ಊಹೂಂ ಎನ್ನುತ್ತಿರಲಿಲ್ಲ, ಪತ್ರಿಕೆಯ ಹಾಳೆ ತಿರುವುತ್ತಿದ್ದರು. ಅದರ ಅರ್ಥ ಬೇಡ ಎಂದು ಕಲಿಯಲು ನನಗೆ ಬಹಳ ಕಾಲ ಬೇಕಾಗಿರಲಿಲ್ಲ. ಕೆಟ್ಟವರೇನಲ್ಲ, ಒಂದು ದಿನವೂ ಕೈ ಎತ್ತಲಿಲ್ಲ. ಈಗ ನಾನು ಕೆಂಪು ತಲೆವಸ್ತ್ರ ಕಟ್ಟುತ್ತೇನೆ, ಬೇಕೆಂದಾಗ ಹೋಗಿ ಬರುತ್ತೇನೆ, ಯಾರ ಮುಂದೆಯೂ ಮಂಡಿಯೂರಿ ನೀರು ಕೊಡಬೇಕಾಗಿಲ್ಲ. ಈ ಸುಖವನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಅದಕ್ಕೇ ಇಲ್ಲಿ ಬರೆಯುತ್ತೇನೆ.

ಸೆಪ್ಟೆಂಬರ್ 21, ಶನಿವಾರ

ಇಂದು ಕೊಡೆಯ ಪಾಠ. ಗ್ವೆಂಜಿ ದೂರದಲ್ಲಿ ಕೊಡೆ ಬಿಚ್ಚುವುದು, ನಾಯಿ ಸುಮ್ಮನಿದ್ದರೆ ಬಾಯಿಗೆ ಒಂದು ಚೂರು, ಮತ್ತೆ ಸ್ವಲ್ಪ ಹತ್ತಿರ. ಆಮೇಲೆ ಸೈಕಲ್ಲು, ಆಮೇಲೆ ಟೋಪಿ ಹಾಕಿದ ಗಂಡಸು. "ಹೆದರಿಕೆ ಹೋಗ್ಬೇಕಂದ್ರೆ ಹೆದರಿಸೋದನ್ನ ಚೂರು ಚೂರೇ ಹತ್ತಿರ ತರ್ಬೇಕು," ಎನ್ನುತ್ತಾರೆ. "ಒಂದಿನ ಅದು ಪಕ್ಕದಲ್ಲೇ ಬಂದು ಕೂತ್ರೂ ನಾಯಿಗೆ ಗೊತ್ತಾಗಲ್ಲ."

ನಮ್ಮದು ಕೊಡೆಯ ಕೆಳಗೇ ಕೂತು ಆಕಳಿಸಿತು. ಎರಡೂ ರೆಕ್ಸ್‌ಗಳು ಇನ್ನೂ ಬೊಗಳುತ್ತಿದ್ದವು. ಜಂಬದಿಂದ ನಡೆದುಕೊಂಡು ಬಂದೆ.

ಸೆಕೈ ಫೋನಿನಲ್ಲಿ ನಗುತ್ತಿದ್ದಳು. "ನನಗೆ ಮಗ್ಗಿ ಕಲಿಸೋವಾಗ ಇಷ್ಟು ತಾಳ್ಮೆ ಇರ್ಲಿಲ್ವಲ್ಲಮ್ಮ ನಿಂಗೆ?"

"ಮಗ್ಗಿ ಕಲಿಸಿದ್ದು ನಿಮ್ಮಪ್ಪ. ನಾನು ಬರೀ ಕಣ್ಣು ಒರೆಸಿದ್ದು."

ಸೆಪ್ಟೆಂಬರ್ 26

ಕರೆದರೆ ಬರುವ ಪಾಠಕ್ಕೆ ನಾಯಿಯನ್ನು ಜಗಲಿಯಲ್ಲಿ ಕೂರಿಸಿ, ನಾನು ಗೇಟಿಗೆ ಹೋಗಿ ಬೀದಿಯ ಕಡೆ ಮುಖ ಮಾಡಿ ಕರೆಯುತ್ತೇನೆ. ಹಾಗೆ ಕರೆದರೆ ವತೇತೆಗೂ ಚೆನ್ನಾಗಿ ಕೇಳಿಸುತ್ತದೆ, ಒಂದೇ ಕಲ್ಲಿಗೆ ಎರಡು ಹಕ್ಕಿ.

ಇವತ್ತು ಕರೆದೆ, ನಾಯಿ ಬರಲಿಲ್ಲ. ತಿರುಗಿ ನೋಡಿದರೆ ಎದ್ದು ನಿಂತಿದೆ, ಕಣ್ಣು ನನ್ನ ಮೇಲಿಲ್ಲ, ನನ್ನ ಹಿಂದೆ ಬೀದಿಯ ಮೇಲಿದೆ. ಬೀದಿಯಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಅದರ ಕಣ್ಣು ಗೇಟಿನಿಂದ ಅಂಗಳಕ್ಕೆ, ಅಂಗಳದಿಂದ ಮೆಟ್ಟಿಲಿಗೆ ನಿಧಾನವಾಗಿ ಬಂತು, ಮೇಷ್ಟ್ರ ನಡಿಗೆಯಷ್ಟು ನಿಧಾನ. ಕೊನೆಗೆ ಬಾಗಿಲಿನಿಂದ ಪಕ್ಕಕ್ಕೆ ಸರಿದು ಯಾರಿಗೋ ದಾರಿ ಬಿಟ್ಟಿತು. ಬಾಲ ಅಲ್ಲಾಡಿಸಿತು.

"ಯಾರೇ ಅದು ನಿನ್ನ ನೆಂಟರು?" ಎಂದು ಬೈದು ಒಳಗೆ ಬಂದೆ. ನೊಣ ಕಂಡಿರಬೇಕು.

ಅಕ್ಟೋಬರ್ 5, ಶನಿವಾರ

ತರಗತಿಯಲ್ಲಿ ನಾಯಿ ಹೃದಯ ತಿನ್ನಲಿಲ್ಲ.

ಮೂತಿ ತಿರುಗಿಸಿತು. ಬಾಯೊಳಗೆ ಇಟ್ಟರೆ ಉಗುಳಿತು. ಗ್ವೆಂಜಿ ಮೂಸಿ ನೋಡಿ, "ತಾಜಾ ಇದೆಯಲ್ಲ ಮಾಯಿ, ನಾನೇ ತಿನ್ನೋ ಹಾಗಿದೆ," ಎಂದು ಒಂದು ಚೂರು ತಿಂದೇಬಿಟ್ಟರು. ಬೇರೆಯವರ ಡಬ್ಬಿಯಿಂದ ಲಿವರಿನ ಚೂರು ಕೊಟ್ಟರು, ತಕ್ಷಣ ತಿಂದಿತು. ಮತ್ತೆ ಹೃದಯ ಕೊಟ್ಟರೆ ಎದ್ದು ದೂರ ಹೋಗಿ ಬೆನ್ನು ಹಾಕಿ ಕೂತಿತು.

ಡಬ್ಬಿಯಲ್ಲಿ ಉಳಿದದ್ದನ್ನು ದಾರಿಯ ಚರಂಡಿಗೆ ಸುರಿದೆ. ನನಗೂ ಬೇಕೆನಿಸಲಿಲ್ಲ.

ಅಕ್ಟೋಬರ್ 6

ನಾಯಿಗಳಿಗೂ ಬಾಯಿ ಕೆಡುತ್ತದೆ. ಅಷ್ಟೇ.

ಅಕ್ಟೋಬರ್ 12, ಶನಿವಾರ

ಹೊಸದಾಗಿ ಒಬ್ಬ ಹುಡುಗ ತರಗತಿಗೆ ಸೇರಿದ್ದಾನೆ. ಬ್ಯಾಂಕಿನಲ್ಲಿ ಕೆಲಸವಂತೆ, ಹಿಂದೆ ಮೇಷ್ಟ್ರ ಶಿಷ್ಯನಂತೆ. ಹುಲ್ಲಿನ ಮೇಲೆ ಮರಿಯ ಜೊತೆ ಕೂತಿದ್ದ. ನಮ್ಮ ನಾಯಿ ಅವನೆದುರು ಹೋಗಿ ನಿಂತದ್ದೇ ತಡ, ಧಡಕ್ಕನೆ ಎದ್ದು ಕೈ ಕಟ್ಟಿ ನಿಂತ. ಆಮೇಲೆ ನಾಚಿಕೆಯಿಂದ ನಕ್ಕ. "ಯಾಕೋ ಗೊತ್ತಿಲ್ಲ ಮಾಯಿ, ಹೋಂವರ್ಕ್ ಮಾಡಿಲ್ಲ ಅನ್ನಿಸಿಬಿಡ್ತು."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಾಯಿಯನ್ನು ಅವನ ಮುಂದಿನಿಂದ ಎಳೆದುಕೊಂಡು ಬಂದೆ.

ತರಗತಿ ಮುಗಿದ ಮೇಲೆ ಗ್ವೆಂಜಿ ನನ್ನನ್ನು ಪಕ್ಕಕ್ಕೆ ಕರೆದರು. ತಮಾಷೆಯ ಮುಖ ಇರಲಿಲ್ಲ.

"ನಾನು ಸಿಟ್ ಅಂದಾಗ ಏನಾಯ್ತು ಗೊತ್ತಾ ನಿಮಗೆ?"

"ಏನಾಯ್ತು? ಕೂತ್ಕೊಂಡ್ತು."

"ಇಲ್ಲ ಮಾಯಿ. ಅದು ನಿಮ್ಮ ಮುಖ ನೋಡ್ತು. ಕೂತಿದ್ದು ನೀವು."

ಬಿಸಿಲಿಗೆ ಕಾಲು ಸೋತಿತ್ತು, ಕೂತೆ. ಇವರಿಗೆ ಅದೇ ದೊಡ್ಡ ವಿಷಯ.

ಅಕ್ಟೋಬರ್ 17

ಇನ್ನು ಸುಳ್ಳು ಬರೆಯುವುದಿಲ್ಲ, ಹೆದರಿಕೆಯಾಗುತ್ತಿದೆ. ಮೇಷ್ಟ್ರ ಕುರ್ಚಿಯ ಪಕ್ಕದ ಜಾಗ ಬಿಟ್ಟು ನಾಯಿ ಎಲ್ಲೂ ಮಲಗುವುದಿಲ್ಲ. ಬೆಳಿಗ್ಗೆ ಪತ್ರಿಕೆ ಬಿದ್ದ ಸದ್ದಿಗೆ ಎದ್ದು ಹೋಗಿ ಅದರ ಮುಂದೆ ಕೂರುತ್ತದೆ. ನಾನು ಜೋರಾಗಿ ನಕ್ಕರೆ ತಲೆ ಎತ್ತಿ ನೋಡುತ್ತದೆ. ಆ ನೋಟ ನನಗೆ ಗೊತ್ತು.

ಮಾತು ಮಾತಿಗೂ ಬಹುವಚನದಲ್ಲಿ ಮರಳಿ ಬನ್ನಿ, ಮರಳಿ ಬನ್ನಿ ಎಂದು ಗೇಟು ತೆರೆದಿಟ್ಟು ಕರೆದೆ. ವತೇತೆಗೆಂದು ಕರೆದೆ. ಆದರೆ ಈ ಮನೆಯಲ್ಲಿ ನಾನು ಬನ್ನಿ ಎಂದು ಕರೆಯಬೇಕಾಗಿದ್ದವರು ಇನ್ನೊಬ್ಬರೂ ಇದ್ದರಲ್ಲ, ಅವರೂ ಕೇಳಿಸಿಕೊಳ್ಳುವಷ್ಟು ಹತ್ತಿರವೇ ಅಲೆಯುತ್ತಿದ್ದರಲ್ಲ. ತಾನೊಂದು ಬಗೆದರೆ ದೈವವೊಂದು ಬಗೆಯಿತು.

ಅಕ್ಟೋಬರ್ 29

ವತೇತೆಯ ಮನೆಗೆ ಹೋದೆ. ಮಂಡಿಯೂರಿ ಕೈ ತಟ್ಟಿ ವಂದಿಸಿದೆ. ಗೆದ್ದ ಖುಷಿ ಅವಳ ಮುಖದಲ್ಲಿ ಇರಲಿಲ್ಲ, ಅದೇ ನನ್ನನ್ನು ಇನ್ನಷ್ಟು ಹೆದರಿಸಿತು.

"ನೀನು ಕರೀತಿದ್ದಿದ್ದು ನನ್ನನ್ನಾ?" ಎಂದಳು. "ನನ್ನನ್ನು ಅಣಕಿಸೋಕಾ?"

"ಮತ್ತೆ ಯಾರನ್ನ ವತೇತೆ?"

"ಅಯ್ಯೋ ಹುಚ್ಚಿ. ನೀನು ಅವನನ್ನೇ ಕರೀತಿದೀಯ ಅಂದ್ಕೊಂಡೆ. ಕಾರ್ಯ ಮಾಡದೆ, ನನ್ನ ಬಿಟ್ಟು, ನೀನೊಬ್ಬಳೇ ಕರ್ಕೊಳ್ತಿದೀಯ ಅಂತ. ಭಯ ಆಗಿ ಕಿಟಕಿ ಹಾಕ್ಕೋತಿದ್ದೆ ಕಣೇ."

ಅವಳೇ ಟೀ ಮಾಡಿಕೊಟ್ಟಳು. ನಾನು ಹೇಳಿದ್ದೆಲ್ಲ ಕೇಳಿ, ಹೃದಯದ ವಿಷಯಕ್ಕೆ ಬಂದಾಗ ಬಟ್ಟಲು ಕೆಳಗಿಟ್ಟಳು.

"ನಾಳೇನೇ ಕಾರ್ಯ ಮಾಡೋಣ ವತೇತೆ. ಸೆಕೈ ಬರೋದ್ರೊಳಗೆ."

"ಹೇಗೆ ಮಾಡ್ತೀಯ? ರಾಗಿ ನೆನೆಹಾಕಿ ಬೀರು ಕುದಿಸೋಕೆ ವಾರ ಬೇಕು. ಅಷ್ಟರಲ್ಲಿ ನವೆಂಬರು. ಅದು ನಮಗೆ ಮೇಕೆ ತಿಂಗಳು, ಆಗ ಹಿರಿಯರ ಕಾರ್ಯಕ್ಕೆ ಯಾರೂ ಕೈ ಹಾಕಲ್ಲ. ಡಿಸೆಂಬರು ಹುಟ್ಟಿದ ದಿನವೇ ಮಾಡೋಣ, ನಾನು ಮುಂದೆ ನಿಲ್ತೀನಿ. ಅಲ್ಲೀವರೆಗೂ ಆ ಹೆಸರು ಹಿಡೀಬೇಡ. ನಾಯೀನ ನಾಯಿ ಥರ ನೋಡು. ಆಗುತ್ತಾ?"

"ಆಗುತ್ತೆ."

ಬಾಗಿಲವರೆಗೆ ಬಂದು ನನ್ನ ಕೈ ಹಿಡಿದುಕೊಂಡಳು. "ನೀನು ಅತ್ತಿದ್ದು ಸಾಲದು ಅಂದಿದ್ದು ನನ್ನ ತಪ್ಪು. ಅವನ ಜೊತೆ ಬಾಳೋದು ಏನು ಅಂತ ಚಿಕ್ಕಂದಿನಿಂದ ನೋಡಿದವಳು ನಾನು."

ಎಷ್ಟು ಹಗುರವಾಯಿತು! ಒಂದು ತಿಂಗಳು ತಾನೇ.

ನವೆಂಬರ್ 1

ಬಾಬಿ ಎಂದು ಕರೆದೆ. ಬರಲಿಲ್ಲ. ಬ್ರೌನಿ ಎಂದೆ. ಏಯ್ ಎಂದೆ. ಗೇಟಿನ ಹೊರಗೇ ಕೂತಿತ್ತು, ಮಳೆ ಶುರುವಾದರೂ ಕದಲಲಿಲ್ಲ. ನೆನೆದು ಮೂಳೆ ಎಣಿಸುವಂತಾದರೂ ನನ್ನ ಮೇಲಿಂದ ಕಣ್ಣು ತೆಗೆಯಲಿಲ್ಲ. ಎಷ್ಟಾದರೂ ಮನೆಯ ಪ್ರಾಣಿ, ಮನಸ್ಸು ತಡೆಯಲಿಲ್ಲ. ಮೆಲ್ಲಗೆ, ಬೀದಿಗೆ ಕೇಳಿಸದ ಹಾಗೆ, ಒಂದೇ ಒಂದು ಸಲ ಆ ಹೆಸರು ಕರೆದೆ.

ಮೆಟ್ಟಿಲು ಹತ್ತಿ ಬಂದರು.

ನವೆಂಬರ್ 5

ಬೋಗುಣಿ ತಗ್ಗಿನಲ್ಲಿದೆ, ಬಗ್ಗಿ ನೀರಿಟ್ಟರೆ ಸೊಂಟ ನೋಯುತ್ತದೆ. ಮಂಡಿಯೂರಿ ಇಡುವುದೇ ಸುಲಭ. ಸಡ್ಜಾ ಮುದ್ದೆಯನ್ನು ಸ್ವಲ್ಪ ಗಟ್ಟಿಯಾಗಿ ತಿರುವಿದೆ, ಮೊದಲಿನ ಹಾಗೆ. ಒಣಮೀನಿನ ಸಾರಿಗೆ ಮೆಣಸಿನಕಾಯಿ ಹಾಕಲಿಲ್ಲ. ಖಾರ ಒಗ್ಗುವುದಿಲ್ಲ.

ಕೆಂಪು ತಲೆವಸ್ತ್ರ ಪೆಟ್ಟಿಗೆಗೆ ಹಾಕಿದೆ. ಈ ಬಿಸಿಲಿಗೆ ಅದು ಕಣ್ಣಿಗೆ ಹೊಡೆಯುತ್ತದೆ.

ನವೆಂಬರ್ 9, ಶನಿವಾರ

ತರಗತಿಗೆ ಹೋಗಲಿಲ್ಲ. ಆ ಗ್ವೆಂಜಿ ಸೀಟಿ ಊದಿ ಕಲಿಸುವುದು ಏನಿದೆ ಇನ್ನು? ಚಪ್ಪಲಿ ಹಾಕಿಕೊಂಡು ಗೇಟಿನ ತನಕ ಹೋಗಿ ನಿಂತೆ. ಜಗಲಿಯಿಂದ ನೋಡಿದರು. ಚಪ್ಪಲಿ ಬಿಟ್ಟು ಒಳಗೆ ಬಂದೆ.

ಭಯವೆಲ್ಲ ಹೋಗಿದೆ. ಇದನ್ನು ಬರೆಯಲು ಸಂತೋಷವಾಗುತ್ತದೆ.

ನವೆಂಬರ್ 16

ಗ್ವೆಂಜಿ ಗೇಟಿಗೆ ಬಂದಿದ್ದರು. ಟೋಪಿ ಹಾಕಿಕೊಂಡು, ಕೊಡೆ ಹಿಡಿದುಕೊಂಡು. ಜಗಲಿಯಲ್ಲಿದ್ದವರು ಒಂದು ಸಲವೂ ಬೊಗಳಲಿಲ್ಲ.

"ಮುಂದಿನ ವಾರ ಪರೀಕ್ಷೆ ಮಾಯಿ. ಬನ್ನಿ. ನಿಮ್ಮದೇ ಮೊದಲು ಬರುತ್ತೆ."

"ಕೇಳಿ ಹೇಳ್ತೀನಿ," ಅಂದೆ.

"ಯಾರನ್ನ ಕೇಳ್ತೀರಿ?"

ಎಂಥ ಪ್ರಶ್ನೆ. ಅವರು ನನ್ನ ಮುಖ ನೋಡಿದರು, ಜಗಲಿ ನೋಡಿದರು, ಮತ್ತೆ ನನ್ನ ಕಾಲು ನೋಡಿದರು. ನಾನು ಜಗಲಿಯ ಅಂಚಿನಲ್ಲಿ ನಿಂತಿದ್ದೆ, ಅಂಗಳಕ್ಕೆ ಇಳಿದಿರಲಿಲ್ಲ. ಗ್ವೆಂಜಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಮಾಯಿ," ಎಂದರು ಬಹಳ ಮೆಲ್ಲಗೆ, "ಕಮ್." ನಾಯಿಗಳಿಗೆ ಹೇಳುವ ದನಿಯಲ್ಲಿಯೇ ಹೇಳಿದರು, ಅಂಗೈ ಚಾಚಿಕೊಂಡು. ಎಷ್ಟು ಕೊಬ್ಬು ಇರಬೇಕು ಮನುಷ್ಯನಿಗೆ! ತಿರುಗಿ ಒಳಗೆ ಬಂದೆ.

ಅಲ್ಲಿಂದ ಗ್ವೆಂಜಿ ಕೆಳಬೀದಿಗೆ, ವತೇತೆಯ ಮನೆಯ ಕಡೆ ಹೋದದ್ದು ಕಿಟಕಿಯಿಂದ ಕಂಡಿತು.

ನವೆಂಬರ್ 23, ಶನಿವಾರ

ಸೆಕೈ ಬಂದಳು. ಟ್ಯಾಕ್ಸಿ ಗೇಟಿನ ಹತ್ತಿರ ನಿಂತಿತು. ವತೇತೆಯೂ ಜೊತೆಗಿದ್ದಳು, ಅವಳೇ ಸೆಕೈಯನ್ನು ತೋಳು ಹಿಡಿದು ಇಳಿಸಿದಳು. ಹೊಟ್ಟೆ ತುಂಬ ಕೆಳಗಿಳಿದಿದೆ, ಕಾಲು ಊದಿದೆ. ಓಡಿಹೋಗಿ ಹಿಡಿದುಕೊಳ್ಳಬೇಕು ಅನ್ನಿಸಿತು.

"ಅಮ್ಮಾ, ಗೇಟು ತೆಗಿ."

ಬಾಗಿಲಲ್ಲಿ ಮಲಗಿದ್ದರು, ಊಟ ಮಾಡಿ ಆಗತಾನೆ ಒರಗಿದ್ದರು. ನಾನು ಬೆರಳು ತುಟಿಗಿಟ್ಟು ತೋರಿಸಿದೆ, ಮೆಲ್ಲಗೆ ಮಾತಾಡು ಎಂದು.

"ಆ ನಾಯೀನ ಹಿಂದೆ ಕಟ್ಟಿ ಬಾಮ್ಮ. ನನಗೆ ನಿಲ್ಲೋಕಾಗ್ತಿಲ್ಲ."

ಹೆತ್ತ ಅಪ್ಪನನ್ನು ಹಾಗೆನ್ನುತ್ತಾರೆಯೇ? ಓದಿದ ಹುಡುಗಿ, ಗಂಡನ ಮನೆಯಲ್ಲಿ ಏನು ಕಲಿತಳೋ. ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು, ಕೇಳಿಸಿಕೊಂಡರೇನೋ ಎಂದು. ಕಣ್ಣು ತೆರೆದು ನನ್ನನ್ನು ನೋಡಿದರು. ನಾನು ಕೂತೆ.

ಸೆಕೈ ಗೇಟಿನ ಸರಳು ಹಿಡಿದು ಅಳತೊಡಗಿದಳು. ಆಗ ವತೇತೆ ಏನು ಮಾಡಿದಳೆಂದರೆ, ಆ ವಯಸ್ಸಿನಲ್ಲಿ, ಕೆಸರಿನಲ್ಲಿ, ಎಲ್ಲರೂ ನೋಡುವಂತೆ ಬೀದಿಯಲ್ಲಿ ಮಂಡಿಯೂರಿದಳು. ನನ್ನ ಮುಂದೆ. ಗಂಡನ ಅಕ್ಕ ತಮ್ಮನ ಹೆಂಡತಿಗೆ ಮಂಡಿಯೂರಿದ್ದು ಯಾರಾದರೂ ಕಂಡದ್ದುಂಟೇ? ಕೈ ತಟ್ಟಿ, ಸೆಕೈಯ ಅಮ್ಮ ಎಂದು ನನ್ನನ್ನೇ ಕರೆದಳು.

"ಜೊಕೈ, ಮಾಯಿ ಸೆಕೈ. ಜೊಕೈ. ದಮ್ಮಯ್ಯ, ಜೊಕೈ."

ನನಗೆ ಅರ್ಥವೇ ಆಗಲಿಲ್ಲ. ನಾನೆಲ್ಲಿ ಹೋಗಿದ್ದೇನೆ, ಮರಳಿ ಬರಲು? ನನ್ನ ಮನೆಯಲ್ಲೇ ಕೂತಿದ್ದೇನೆ. ಬಹಳ ಹೊತ್ತು ಕರೆದಳು, ದನಿ ಒಡೆದು ಹೋಯಿತು. ಟ್ಯಾಕ್ಸಿಯವನು ಇಳಿದು ಇಬ್ಬರನ್ನೂ ಹತ್ತಿಸಿಕೊಂಡು ಹೋದ. ವತೇತೆಯ ಮನೆಯಲ್ಲೇ ಇಳಿಸಿದನಂತೆ. ಒಳ್ಳೆಯದೇ ಆಯಿತು, ಅಲ್ಲಿ ಸದ್ದುಗದ್ದಲ ಆದರೂ ಯಾರಿಗೂ ತೊಂದರೆಯಿಲ್ಲ.

ನವೆಂಬರ್ 27

ಕೆಳಬೀದಿಯಿಂದ ಹೆಂಗಸರ ಉಲ್ಲಾಸದ ಕೂಗು ಕೇಳಿಸಿತು. ಆಮೇಲೆ ಪಕ್ಕದ ಮನೆಯವರು ಬೇಲಿಯ ಮೇಲಿಂದ ಹೇಳಿದರು, ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರಂತೆ.

ಕೈ ತೊಳೆದುಕೊಂಡೆ. ಅವರ ಮುಂದೆ ಮಂಡಿಯೂರಿ ಕೈ ತಟ್ಟಿ, ಮೊಮ್ಮಗಳನ್ನು ಒಂದು ಸಲ ನೋಡಿ ಬರಲೇ ಎಂದು ಕೇಳಿದೆ.

ಹಿಂಗಾಲಿನಿಂದ ಕಿವಿ ಕೆರೆದುಕೊಂಡರು. ಆಮೇಲೆ ಮಗ್ಗುಲು ಬದಲಿಸಿ ಮಲಗಿದರು.

ಆಗಲಿ ಎಂದು ಒಳಗೆ ಬಂದೆ.